ದೀಪ ಉರಿಯುತ್ತದೆ, ಡೇಟಾ ಹರಿಯುವುದಿಲ್ಲ: ಐಎಸ್‌ಡಿಎನ್ ಟರ್ಮಿನಲ್ ಅಡಾಪ್ಟರಿನ ತೊಂದರೆಗಳು

ಪ್ರಶ್ನೆ: ನಮ್ಮಲ್ಲಿ ಇನ್ನೂ ಒಂದು ಐಎಸ್‌ಡಿಎನ್ (ಡಿಜಿಟಲ್ ದೂರವಾಣಿ) ಬೇಸಿಕ್ ರೇಟ್ ಲೈನ್ ಇದೆ. ದೂರದ ಕಚೇರಿಯ ಹಳೆಯ ಆಕ್ಸೆಸ್ ಸರ್ವರಿಗೆ (ಡಯಲ್ ಮಾಡಿ ಬಂದವರನ್ನು ಕಚೇರಿಯ ಜಾಲಕ್ಕೆ ಸೇರಿಸುವ ಯಂತ್ರಕ್ಕೆ) ಅದರ ಮೂಲಕವೇ ಸಂಪರ್ಕ ಸಾಧಿಸಬೇಕು. ಹಳೆಯ ಅಡಾಪ್ಟರ್ ಸುಟ್ಟುಹೋದ ಮೇಲೆ ಬಳಸಿದ ಇನ್ನೊಂದು ಟರ್ಮಿನಲ್ ಅಡಾಪ್ಟರ್ ಕೊಂಡು ಕಂಪ್ಯೂಟರಿನ ಸೀರಿಯಲ್ ಪೋರ್ಟಿಗೆ ಜೋಡಿಸಿದ್ದೇನೆ. ಲೈನಿನ ದೀಪ ಕೆಲವೊಮ್ಮೆ ಆರಿಹೋಗುತ್ತದೆ. ಅಡಾಪ್ಟರಿಗೆ ಜೋಡಿಸಿದ ಸಾಮಾನ್ಯ ಫೋನಿನಲ್ಲಿ ಮಾತು ಸ್ಪಷ್ಟವಾಗಿ ಕೇಳುತ್ತದೆ, ಆದರೆ ಡೇಟಾ ಕರೆ ಮಾಡಿದಾಗ ‘ಕನೆಕ್ಟ್’ ಎಂದು ಬಂದು ಅರ್ಧ ನಿಮಿಷದೊಳಗೆ ‘ನೋ ಕ್ಯಾರಿಯರ್’ ಎನ್ನುತ್ತದೆ. ಅಪರೂಪಕ್ಕೆ ಸಂಪರ್ಕ ಉಳಿದರೂ ಎರಡು ಚಾನೆಲ್‌ಗಳ ವೇಗ ಸಿಗುವುದಿಲ್ಲ, ದೊಡ್ಡ ಫೈಲುಗಳು ನಡುವೆ ನಿಲ್ಲುತ್ತವೆ. ಅಡಾಪ್ಟರ್ ಕೆಟ್ಟಿದೆಯೇ? ಇನ್ನೊಂದನ್ನು ಹುಡುಕಬೇಕೇ?

ಉತ್ತರ: ಹುಡುಕುವ ಆತುರ ಬೇಡ. ನೀವು ಬರೆದಿರುವ ಲಕ್ಷಣಗಳಲ್ಲಿ ಅಡಾಪ್ಟರಿನ ಯಂತ್ರಭಾಗವನ್ನೇ ಬೊಟ್ಟು ಮಾಡುವಂಥದ್ದು ಒಂದೂ ಇಲ್ಲ. ಮಾತು ಸ್ಪಷ್ಟವಾಗಿ ಕೇಳುತ್ತದೆ ಎಂಬ ಒಂದೇ ವಾಕ್ಯದಿಂದ ಲೈನು, ಕರೆ ಕೂಡಿಸುವ ಸಂಕೇತಗಳು ಹರಿಯುವ ಡಿ ಚಾನೆಲ್ ಮತ್ತು ಮಾತು ಅಥವಾ ಡೇಟಾ ಹೊರುವ ಎರಡು ಬಿ ಚಾನೆಲ್‌ಗಳಲ್ಲಿ ಕನಿಷ್ಠ ಒಂದು ಜೀವಂತವಾಗಿವೆ ಎಂದು ತಿಳಿಯುತ್ತದೆ. ಈ ಕ್ಷೇತ್ರದಲ್ಲಿ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಮಾಮೂಲಿ. ಲೈನಿನದೋ, ಸೀರಿಯಲ್ ಕೇಬಲಿನದೋ, ಆಚೆ ತುದಿಯ ಸರ್ವರಿನದೋ ಆದ ತಪ್ಪಿಗೆ ನಡುವೆ ಕೂತಿರುವ ಅಡಾಪ್ಟರು ಬೈಸಿಕೊಳ್ಳುತ್ತದೆ.

ಇದಕ್ಕೊಂದು ಕಾರಣವಿದೆ. ಟರ್ಮಿನಲ್ ಅಡಾಪ್ಟರನ್ನು ಬಹಳ ಮಂದಿ ‘ಐಎಸ್‌ಡಿಎನ್ ಮೋಡೆಮ್’ ಎನ್ನುತ್ತಾರೆ, ಮತ್ತು ಆ ಹೆಸರು ಹೊತ್ತು ತರುವ ನಿರೀಕ್ಷೆಗಳೆಲ್ಲ ತಪ್ಪು. ನಿಜವಾದ ಮೋಡೆಮ್ ಕರೆ ಕೂಡಿದ ಮೇಲೆ ಶಿಳ್ಳೆ ಹಾಕಿ ಆಚೆಯ ಮೋಡೆಮಿನೊಂದಿಗೆ ಚೌಕಾಶಿ ಮಾಡುತ್ತದೆ. ಲೈನ್ ಕೆಟ್ಟದಾಗಿದ್ದರೆ ವೇಗವನ್ನು ಒಂದು ಮೆಟ್ಟಿಲು ಇಳಿಸಿಯಾದರೂ ಕೆಲಸ ಸಾಗಿಸುತ್ತದೆ. ಟರ್ಮಿನಲ್ ಅಡಾಪ್ಟರಿಗೆ ಅಂಥ ಚೌಕಾಶಿ ಗೊತ್ತಿಲ್ಲ. ಅದು ಸೀರಿಯಲ್ ಪೋರ್ಟಿನಿಂದ ಬಂದ ಬಿಟ್‌ಗಳನ್ನು ಪ್ರತಿ ಸೆಕೆಂಡಿಗೆ 64,000 ಬಿಟ್‌ಗಳ ಬಿ ಚಾನೆಲಿನಲ್ಲಿ ನಿರ್ದಿಷ್ಟ ವಿಧಾನದಲ್ಲಿ ತುಂಬುತ್ತದೆ, ಅಷ್ಟೆ. ಯಾವ ವಿಧಾನ, ಯಾವ ವೇಗ, ಯಾವ ಬಗೆಯ ಕರೆ ಎಂಬುದೆಲ್ಲ ಮೊದಲೇ ಒಪ್ಪಂದವಾಗಿರಬೇಕು. ಆದ್ದರಿಂದ ಕೆಳಗಿನ ಹಂತದಿಂದ ಮೇಲಕ್ಕೆ, ಅಂದರೆ ತಂತಿಯಿಂದ ಆರಂಭಿಸಿ ಕಂಪ್ಯೂಟರಿನವರೆಗೆ, ಯಾರು ಯಾರ ನಡುವೆ ಒಪ್ಪಂದ ಮುರಿದಿದೆ ಎಂದು ನೋಡುತ್ತ ಹೋಗುವುದೇ ಸರಿಯಾದ ದಾರಿ.

ತಂತಿ ಮುಟ್ಟುವ ಮೊದಲು ಒಂದು ವಿಷಯವನ್ನು ಖಚಿತಪಡಿಸಿಕೊಳ್ಳಿ: ನಿಮ್ಮ ಲೈನಿನಲ್ಲಿ ಡೇಟಾ ಕರೆಯ ಸೇವೆ ಈಗಲೂ ಇದೆಯೇ? ಈ ಪ್ರಶ್ನೆ ಹತ್ತು ವರ್ಷದ ಹಿಂದೆ ವಿಚಿತ್ರವಾಗಿ ಕೇಳುತ್ತಿತ್ತು, ಈಗ ಇದೇ ಮೊದಲ ಪ್ರಶ್ನೆ. ಜಪಾನಿನಲ್ಲಿ ದೂರವಾಣಿ ಕಂಪನಿ ಎನ್‌ಟಿಟಿ ಐಎನ್‌ಎಸ್ ನೆಟ್ ಎಂಬ ತನ್ನ ಐಎಸ್‌ಡಿಎನ್ ಸೇವೆಯ ಡಿಜಿಟಲ್ ಸಂವಹನ ವಿಧಾನವನ್ನು 2024ರ ಜನವರಿಯಿಂದ ಕೊನೆಗೊಳಿಸಿತು. ಬ್ರಿಟನ್ನಿನಲ್ಲಿ ಹೊಸ ಐಎಸ್‌ಡಿಎನ್ ಲೈನುಗಳ ಮಾರಾಟ 2023ರ ಸೆಪ್ಟೆಂಬರಿನಲ್ಲಿ ನಿಂತಿದ್ದು, ಉಳಿದವುಗಳಿಗೆ 2027ರ ಜನವರಿಯ ಗಡುವು ಇದೆ. ಇನ್ನು ಕೆಲವೆಡೆ ಗ್ರಾಹಕರ ಗೋಡೆಯ ಸಾಕೆಟ್ ಹಾಗೆಯೇ ಇದ್ದು, ಅದರ ಹಿಂದಿನ ಎಕ್ಸ್‌ಚೇಂಜ್ ಹೋಗಿ ಕರೆಗಳನ್ನು ಇಂಟರ್ನೆಟ್ ಪ್ಯಾಕೆಟ್‌ಗಳಾಗಿಸುವ ಐಪಿ ಗೇಟ್‌ವೇ ಬಂದಿರುತ್ತದೆ. ಅಂಥ ಗೇಟ್‌ವೇ ಧ್ವನಿಗೆಂದೇ ಮಾಡಿದ್ದು. ಅದು ಪ್ರತಿಧ್ವನಿಯನ್ನು ಅಳಿಸುತ್ತದೆ, ಮೌನವನ್ನು ಕತ್ತರಿಸುತ್ತದೆ, ಕೆಲವೊಮ್ಮೆ ಧ್ವನಿಯನ್ನು ಸಂಕೋಚಿಸುತ್ತದೆ. ಮನುಷ್ಯನ ಕಿವಿಗೆ ಇದಾವುದೂ ತಿಳಿಯುವುದಿಲ್ಲ, ಆದರೆ ಒಂದೊಂದು ಬಿಟ್ಟೂ ಹಾಗೆ ಹಾಗೆಯೇ ತಲುಪಬೇಕಾದ ಡೇಟಾ ಕರೆ ಅಲ್ಲೇ ಸಾಯುತ್ತದೆ. 64 ಕಿಲೋಬಿಟ್ ಹರಿವನ್ನು ತಿದ್ದದೆ ಸಾಗಿಸುವ ವಿಧಾನವೊಂದನ್ನು ಇಂಟರ್ನೆಟ್ ಮಾನದಂಡಗಳ ದಾಖಲೆಯಾದ ಆರ್‌ಎಫ್‌ಸಿ 4040 ವಿವರಿಸುತ್ತದೆ. ಗೇಟ್‌ವೇ ಅದನ್ನು ಬೆಂಬಲಿಸಬೇಕು, ಎರಡೂ ತುದಿಗಳ ಗಡಿಯಾರಗಳು ಹೊಂದಬೇಕು. ಮಾತು ಸರಿ, ಡೇಟಾ ಸರಿಯಿಲ್ಲ ಎಂಬ ನಿಮ್ಮ ಲಕ್ಷಣ ಇಂಥ ಸ್ಥಿತಿಗೂ ಹೊಂದುತ್ತದೆ. ಸೇವಾದಾತರನ್ನು ‘ಲೈನ್ ಇದೆಯೇ’ ಎಂದು ಕೇಳಬೇಡಿ, ಇದೆ ಎಂದೇ ಹೇಳುತ್ತಾರೆ. ‘64 ಕಿಲೋಬಿಟ್ ನಿರ್ಬಂಧವಿಲ್ಲದ ಡಿಜಿಟಲ್ ಕರೆಗೆ ಈ ಸಂಖ್ಯೆಯಲ್ಲಿ ಅನುಮತಿ ಇದೆಯೇ’ ಎಂದು ಇದೇ ಪದಗಳಲ್ಲಿ ಕೇಳಿ.

ಅದು ಇದೆ ಎಂದುಕೊಂಡು ಮುಂದೆ ಹೋಗೋಣ. ಆರಿಹೋಗುವ ದೀಪದ ವಿಷಯದಲ್ಲಿ ನಾನು ಒಂದು ಮರುಪ್ರಶ್ನೆ ಹಾಕಬೇಕು: ಅದು ಕರೆಯ ನಡುವೆ ಆರುತ್ತದೆಯೇ, ಅಥವಾ ಕರೆ ಇಲ್ಲದ ಹೊತ್ತಿನಲ್ಲಿ ಆರುತ್ತದೆಯೇ? ಯುರೋಪಿನ ಪದ್ಧತಿಯ ಅನೇಕ ಎಕ್ಸ್‌ಚೇಂಜ್‌ಗಳು ಕರೆ ಇಲ್ಲದಿದ್ದಾಗ ಲೈನಿನ ಮೊದಲ ಪದರವನ್ನೇ (ತಂತಿಯ ಮೇಲಿನ ಸಂಕೇತವನ್ನೇ) ಮಲಗಿಸುತ್ತವೆ. ಆಗ ದೀಪ ಆರುವುದು ದೋಷವಲ್ಲ. ನೀವು ಡಯಲ್ ಮಾಡಿದೊಡನೆ, ಇಲ್ಲವೇ ಹೊರಗಿನಿಂದ ಕರೆ ಬಂದೊಡನೆ, ಅದು ಕ್ಷಣಾರ್ಧದಲ್ಲಿ ಎದ್ದು ಕೂರುತ್ತದೆ. ಉತ್ತರ ಅಮೆರಿಕದ ಪದ್ಧತಿಯಲ್ಲಿ ಲೈನ್ ಸದಾ ಎಚ್ಚರವಾಗಿರುತ್ತದೆ, ಅಲ್ಲಿ ಆರಿದ ದೀಪ ಎಂದರೆ ತೊಂದರೆಯೇ. ಕರೆಯ ನಡುವೆ ಆರಿದರೆ ಎರಡೂ ಕಡೆ ತೊಂದರೆಯೇ, ಮತ್ತು ಅದನ್ನು ತಂತಿಯಲ್ಲೇ ಹುಡುಕಬೇಕು.

ತಂತಿಯಲ್ಲಿ ಎರಡು ತುಂಡುಗಳಿವೆ. ಎಕ್ಸ್‌ಚೇಂಜಿನಿಂದ ಬರುವ ಎರಡು ತಂತಿಯ ಭಾಗಕ್ಕೆ ಯು ಇಂಟರ್‌ಫೇಸ್ ಎಂದೂ, ಆ ಲೈನ್ ಕೊನೆಗೊಳ್ಳುವ ಎನ್‌ಟಿ-1 ಪೆಟ್ಟಿಗೆಯಿಂದ ನಿಮ್ಮ ಸಾಧನಗಳಿಗೆ ಹೋಗುವ ನಾಲ್ಕು ತಂತಿಯ ಭಾಗಕ್ಕೆ ಎಸ್/ಟಿ ಇಂಟರ್‌ಫೇಸ್ ಎಂದೂ ಹೆಸರು. ಅಡಾಪ್ಟರುಗಳು ಎರಡು ಜಾತಿಯವು: ಉತ್ತರ ಅಮೆರಿಕಕ್ಕೆಂದು ಮಾಡಿದವುಗಳಲ್ಲಿ ಹೆಚ್ಚಿನವಕ್ಕೆ ಎನ್‌ಟಿ-1 ಒಳಗೇ ಇದ್ದು ಯು ಸಾಕೆಟ್ ಇರುತ್ತದೆ, ಉಳಿದ ಕಡೆಯವಕ್ಕೆ ಎಸ್/ಟಿ ಸಾಕೆಟ್ ಮಾತ್ರ ಇರುತ್ತದೆ. ಎರಡೂ ಸಾಕೆಟ್‌ಗಳು ನೋಡಲು ಒಂದೇ ತರಹ. ಬಳಸಿದ ಸಾಧನ ಕೊಂಡವರು ಮೊದಲು ಎಡವುವುದು ಇಲ್ಲಿ. ಒಂದು ಯು ಲೈನಿಗೆ ಒಂದೇ ಎನ್‌ಟಿ-1 ಇರಬೇಕು; ಗೋಡೆಯ ಮೇಲೆ ಒಂದು, ಅಡಾಪ್ಟರಿನ ಒಳಗೆ ಇನ್ನೊಂದು ಇದ್ದರೆ ಎರಡೂ ಏಳುವುದಿಲ್ಲ. ನಿಮಗೆ ಮಾತು ಕೇಳುತ್ತಿರುವುದರಿಂದ ಈ ತಪ್ಪು ನಿಮ್ಮಲ್ಲಿ ಆಗಿಲ್ಲ.

ಎಸ್/ಟಿ ಬದಿಯಲ್ಲಿ ಮಾತ್ರ ನನಗೆ ಅನುಮಾನವಿದೆ. ಇದಕ್ಕೆ ಎಸ್ ಬಸ್ ಎನ್ನುತ್ತಾರೆ. ಒಂದೇ ಕೇಬಲಿನ ಉದ್ದಕ್ಕೂ ಗರಿಷ್ಠ ಎಂಟು ಸಾಧನಗಳು ಕೂರಬಹುದು, ಕೇಬಲಿನ ಉದ್ದ ಅದರ ಗುಣಕ್ಕೆ ತಕ್ಕಂತೆ 100ರಿಂದ 200 ಮೀಟರ್ ಮೀರಬಾರದು, ಸಾಕೆಟ್ಟಿನಿಂದ ಸಾಧನಕ್ಕೆ ಹೋಗುವ ತಂತಿ 10 ಮೀಟರಿಗಿಂತ ಉದ್ದವಿರಬಾರದು. ಬಸ್ಸಿನ ಎರಡು ತುದಿಗಳಲ್ಲಿ, ಎರಡೂ ಜೋಡಿ ತಂತಿಗಳಿಗೆ, ಸಂಕೇತ ಮರಳಿ ಪ್ರತಿಫಲಿಸದಂತೆ ತಡೆಯುವ 100 ಓಮ್‌ನ ಟರ್ಮಿನೇಷನ್ ರೆಸಿಸ್ಟರ್ ಇರಬೇಕು. ಒಂದು ತುದಿಯದು ಸಾಮಾನ್ಯವಾಗಿ ಎನ್‌ಟಿ ಪೆಟ್ಟಿಗೆಯ ಒಳಗೇ ಇರುತ್ತದೆ, ಇನ್ನೊಂದು ಕೊನೆಯ ಸಾಕೆಟ್ಟಿನಲ್ಲಿ. ಕೆಲವು ಅಡಾಪ್ಟರುಗಳ ಬೆನ್ನಿನಲ್ಲೂ ಈ ರೆಸಿಸ್ಟರನ್ನು ಸೇರಿಸುವ ಪುಟ್ಟ ಸ್ವಿಚ್ಚುಗಳಿರುತ್ತವೆ, ಮತ್ತು ಹಿಂದಿನ ಮಾಲೀಕ ಅವನ್ನು ತನಗೆ ಬೇಕಾದಂತೆ ಇಟ್ಟಿರುತ್ತಾನೆ. ಹಾಗಾಗಿ ನಿಮ್ಮ ಹಳೆಯ ಅಡಾಪ್ಟರಿನ ಜೊತೆ ಸರಿಯಿದ್ದ ಬಸ್, ಹೊಸದನ್ನು ಸಿಕ್ಕಿಸಿದೊಡನೆ ಮೂರು ರೆಸಿಸ್ಟರ್‌ಗಳ ಬಸ್ ಆಗಿರಬಹುದು. ಅಂಥ ಬಸ್ ಪೂರ್ತಿ ಸಾಯುವುದಿಲ್ಲ. ಸಂಕೇತ ಕುಗ್ಗಿ, ಒಮ್ಮೊಮ್ಮೆ ತಾಳ ತಪ್ಪಿ, ನೀವು ಹೇಳಿದ ಹಾಗೆ ದೀಪ ಆರಿ ಹತ್ತುತ್ತದೆ. ಧ್ವನಿಯಲ್ಲಿ ಅದು ‘ಟಕ್’ ಎಂಬ ಒಂದು ಸದ್ದಾಗಿ ಮುಗಿದುಹೋದರೆ, ಡೇಟಾದಲ್ಲಿ ಫ್ರೇಮುಗಳು (ಬಿಟ್‌ಗಳ ಕಟ್ಟುಗಳು) ಕೆಡುತ್ತವೆ.

ಇದನ್ನು ಪರೀಕ್ಷಿಸಲು ದುಬಾರಿ ಉಪಕರಣ ಬೇಡ. ಎನ್‌ಟಿ ಪೆಟ್ಟಿಗೆಯಿಂದ ಬಸ್ಸಿನ ಕೇಬಲನ್ನು ಕಿತ್ತು, ಎಲ್ಲ ಸಾಧನಗಳನ್ನೂ ಸಾಕೆಟ್‌ಗಳಿಂದ ಬಿಡಿಸಿ, ಮಲ್ಟಿಮೀಟರನ್ನು ಓಮ್‌ಗೆ ಇಟ್ಟು ಸಾಕೆಟ್ಟಿನ 3 ಮತ್ತು 6ನೆಯ ಪಿನ್‌ಗಳ ನಡುವೆ, ಆಮೇಲೆ 4 ಮತ್ತು 5ರ ನಡುವೆ ಅಳೆಯಿರಿ. ದೂರದ ತುದಿಯ ರೆಸಿಸ್ಟರ್ ಮಾತ್ರ ಇದ್ದರೆ ಎರಡೂ ಕಡೆ 100 ಓಮ್‌ನ ಆಸುಪಾಸು ಬರುತ್ತದೆ. 50 ಬಂದರೆ ಸಾಕೆಟ್‌ಗಳಲ್ಲೇ ಎರಡು ಕೂತಿವೆ. ಆಗ ಎನ್‌ಟಿ ಒಳಗಿನದನ್ನು ತೆಗೆದಿಡಬೇಕು. ಏನೂ ಬರದಿದ್ದರೆ ಕೊನೆಯ ಸಾಕೆಟ್ ಬರಿದಾಗಿದೆ, ಅಥವಾ ತಂತಿ ಕಡಿದಿದೆ. ಎರಡು ಜೋಡಿಗಳ ಲೆಕ್ಕ ಬೇರೆ ಬೇರೆ ಬಂದರೆ ಯಾರೋ ಅರ್ಧ ಕೆಲಸ ಮಾಡಿ ಹೋಗಿದ್ದಾರೆ. ಸಾಧನಗಳನ್ನು ಬಿಡಿಸದೆ ಅಳೆಯಬೇಡಿ, ಅವುಗಳೊಳಗಿನ ಟ್ರಾನ್ಸ್‌ಫಾರ್ಮರ್ ಸುರುಳಿಗಳು ಲೆಕ್ಕವನ್ನು ಹಾಳುಮಾಡುತ್ತವೆ. ಎನ್‌ಟಿ ಜೋಡಣೆಯಲ್ಲಿರುವಾಗಲಂತೂ ಅಳೆಯಲೇಬೇಡಿ, ಏಕೆಂದರೆ ಬಸ್ಸಿನ ಮೇಲೆ ಸುಮಾರು 40 ವೋಲ್ಟ್ ಇರುತ್ತದೆ. ಹಲವು ಸಾಧನಗಳು ಒಂದೇ ಬಸ್ಸಿನಲ್ಲಿದ್ದರೆ ಸಾಧನದಿಂದ ಎನ್‌ಟಿ ಕಡೆಗೆ ಹೋಗುವ 3-6 ಜೋಡಿಯ ತಂತಿಗಳು ಎಲ್ಲಿಯೂ ಅದಲುಬದಲಾಗಿರಬಾರದು. ಒಂಟಿ ಸಾಧನ ಇದನ್ನು ಸಹಿಸಿಕೊಳ್ಳುತ್ತದೆ, ಎರಡನೆಯದು ಬಂದಾಗ ಜಗಳ ಶುರುವಾಗುತ್ತದೆ.

ಯು ಬದಿಯ ದೋಷ ನಿಮ್ಮ ಕೈಯಲ್ಲಿಲ್ಲ. ಉದ್ದದ ತಂತಿ, ಧ್ವನಿಯ ಕಾಲದಲ್ಲಿ ಹಾಕಿ ತೆಗೆಯಲು ಮರೆತ ಲೋಡಿಂಗ್ ಕಾಯಿಲ್, ಎಲ್ಲೋ ನೀರು ಹೊಕ್ಕ ಜೋಡಣೆ ಇವೆಲ್ಲ ಸೇವಾದಾತರ ಪಾಲಿನವು. ಮಳೆ ಬಂದ ದಿನಗಳಲ್ಲೇ ದೀಪ ಆರುತ್ತದೆಯೇ ಎಂದು ಒಂದು ವಾರ ಬರೆದಿಟ್ಟುಕೊಂಡರೆ ದೂರು ಕೊಡುವಾಗ ಬಲ ಬರುತ್ತದೆ.

ತಂತಿ ಗಟ್ಟಿಯಾಗಿದ್ದರೆ ಮುಂದಿನದು ಡಿ ಚಾನೆಲ್. ಅಡಾಪ್ಟರ್ ಎದ್ದ ಕೂಡಲೇ ಎಕ್ಸ್‌ಚೇಂಜನ್ನು ಒಂದು ಗುರುತಿನ ಸಂಖ್ಯೆ ಕೇಳುತ್ತದೆ. ಟಿಇಐ ಎನ್ನುವ ಈ ಸಂಖ್ಯೆ ತಾನಾಗಿ ಹಂಚಿಕೆಯಾದಾಗ 64ರಿಂದ 126ರೊಳಗೆ ಇರುತ್ತದೆ. ಅದಾದ ಮೇಲೆ ಎಕ್ಸ್‌ಚೇಂಜಿನ ಭಾಷೆ ಯಾವುದು ಎಂಬ ಪ್ರಶ್ನೆ. ಯುರೋಪ್ ಮತ್ತು ಅದನ್ನು ಅನುಸರಿಸಿದ ದೇಶಗಳಲ್ಲಿ ಡಿಎಸ್‌ಎಸ್1, ಉತ್ತರ ಅಮೆರಿಕದಲ್ಲಿ ನ್ಯಾಷನಲ್ ಐಎಸ್‌ಡಿಎನ್, 5ಇಎಸ್‌ಎಸ್ ಅಥವಾ ಡಿಎಂಎಸ್-100, ಜಪಾನಿನಲ್ಲಿ ಐಎನ್‌ಎಸ್-64. ಬಳಸಿದ ಅಡಾಪ್ಟರಿನಲ್ಲಿ ಹಿಂದಿನ ಊರಿನ ಭಾಷೆಯೇ ಉಳಿದಿರುವುದುಂಟು. ಉತ್ತರ ಅಮೆರಿಕದ ಲೈನಾದರೆ ಸ್ಪಿಡ್ ಎಂಬ ಇನ್ನೊಂದು ಸಂಖ್ಯೆಯನ್ನೂ ತುಂಬಬೇಕು. ಹತ್ತು ಅಂಕಿಯ ದೂರವಾಣಿ ಸಂಖ್ಯೆಯ ಬಾಲಕ್ಕೆ 0101 ಸೇರಿಸಿದ 14 ಅಂಕಿಗಳ ರೂಪ ಬಹಳ ಕಡೆ ನಡೆಯುತ್ತದೆ, ಆದರೆ ಎಲ್ಲ ಕಡೆಯೂ ಅಲ್ಲ. ಎರಡು ಚಾನೆಲ್‌ಗಳಿಗೆ ಎರಡು ಸ್ಪಿಡ್ ಬೇಕಾದಲ್ಲಿ ಎರಡನೆಯದರಲ್ಲಿ ಒಂದಂಕಿ ತಪ್ಪಿದರೆ ಮೊದಲ ಚಾನೆಲ್ ನೆಟ್ಟಗೆ ಕೆಲಸ ಮಾಡುತ್ತ ಎರಡನೆಯದು ಮಾತ್ರ ಮುಷ್ಕರ ಹೂಡುತ್ತದೆ. ಡಿಎಸ್‌ಎಸ್1 ಲೈನಿಗೆ ಸ್ಪಿಡ್ ಇಲ್ಲ, ಅಲ್ಲಿ ಎಂಎಸ್‌ಎನ್ ಇದೆ, ಅಂದರೆ ಒಂದೇ ಲೈನಿಗೆ ಕೊಡುವ ಹಲವು ದೂರವಾಣಿ ಸಂಖ್ಯೆಗಳಲ್ಲಿ ಅಡಾಪ್ಟರಿನ ಪಾಲಿನದು. ಅದು ತಪ್ಪಿದ್ದರೆ ಹೊರಹೋಗುವ ಕರೆಗಳಿಗೆ ಬಹುಮಟ್ಟಿಗೆ ಬಾಧೆಯಿಲ್ಲ, ಒಳಬರುವ ಕರೆಗಳನ್ನು ಮಾತ್ರ ಅಡಾಪ್ಟರ್ ‘ನನ್ನದಲ್ಲ’ ಎಂದು ಬಿಟ್ಟುಬಿಡುತ್ತದೆ. ಪರೀಕ್ಷೆಯ ಹೊತ್ತಿಗೆ ಎಂಎಸ್‌ಎನ್ ಜಾಗವನ್ನು ಖಾಲಿ ಬಿಡಿ; ಆಗ ಹೆಚ್ಚಿನ ಅಡಾಪ್ಟರುಗಳು ಬಂದ ಕರೆಗಳನ್ನೆಲ್ಲ ಎತ್ತಿಕೊಳ್ಳುತ್ತವೆ.

ಈಗ ನಿಮ್ಮ ಮುಖ್ಯ ದೂರಿಗೆ ಬರೋಣ. ‘ನೋ ಕ್ಯಾರಿಯರ್’ ಎಂಬ ಮಾತಿನಿಂದ ಏನೂ ತಿಳಿಯುವುದಿಲ್ಲ. ಅದು ಮೋಡೆಮ್ ಕಾಲದ ಪಳೆಯುಳಿಕೆ, ಇಲ್ಲಿ ಕ್ಯಾರಿಯರ್ ಎನ್ನುವುದೇ ಇಲ್ಲ. ನಿಜವಾದ ಸುದ್ದಿ ಇರುವುದು ಕರೆ ಕಡಿದಾಗ ಎಕ್ಸ್‌ಚೇಂಜ್ ಡಿ ಚಾನೆಲಿನಲ್ಲಿ ಕಳಿಸುವ ಕಾರಣ ಸಂಖ್ಯೆಯಲ್ಲಿ. ಅಡಾಪ್ಟರಿನ ಕೈಪಿಡಿಯಲ್ಲಿ ಕೊನೆಯ ಕರೆಯ ಕಾರಣವನ್ನು ತೋರಿಸುವ ಆದೇಶ ಇದ್ದೇ ಇರುತ್ತದೆ, ಅದನ್ನು ಹುಡುಕಿ. 16 ಎಂದರೆ ಯಾರೋ ಒಬ್ಬರು ಮಾಮೂಲಿನಂತೆ ಕರೆ ಮುಗಿಸಿದ್ದಾರೆ, 17 ಎಂದರೆ ಆಚೆಯವರು ಕಾರ್ಯನಿರತರು, 1 ಎಂದರೆ ಅಂಥ ಸಂಖ್ಯೆಯೇ ಇಲ್ಲ, 34 ಎಂದರೆ ಖಾಲಿ ಚಾನೆಲ್ ಇಲ್ಲ. 57 ಬಂದರೆ ನಿಮ್ಮ ಲೈನಿಗೆ ಈ ಬಗೆಯ ಕರೆಯ ಅನುಮತಿ ಇಲ್ಲ. ಮೇಲೆ ಹೇಳಿದ ಸೇವೆಯ ಪ್ರಶ್ನೆಗೆ ಇದೇ ಸಾಕ್ಷಿ. 88 ಬಂದರೆ ಆಚೆ ತುದಿಯ ಸಾಧನಕ್ಕೆ ನಿಮ್ಮ ಕರೆಯ ಬಗೆ ಹೊಂದುವುದಿಲ್ಲ. ಕೆಲವು ಸಾಧನಗಳು ಇದನ್ನು ಹದಿನಾರರ ಲೆಕ್ಕದಲ್ಲಿ, ಮುಂದೆ 34 ಸೇರಿಸಿ ತೋರಿಸುತ್ತವೆ: 3490 ಎಂದು ಕಂಡರೆ 34ನ್ನು ಬಿಟ್ಟು 90ರಿಂದ 80 ಕಳೆದು ಉಳಿದ 10ನ್ನು ಹದಿನಾರರ ಲೆಕ್ಕದಿಂದ ಹತ್ತರ ಲೆಕ್ಕಕ್ಕೆ ತಂದರೆ 16, ಅಂದರೆ ಮಾಮೂಲಿ ಮುಕ್ತಾಯ. ಅದನ್ನು 3490ನೆಯ ದೋಷ ಎಂದು ತಿಳಿದು ಹೆದರಿ ಪತ್ರ ಬರೆದವರನ್ನು ನಾನು ಕಂಡಿದ್ದೇನೆ.

ನಿಮ್ಮ ಕರೆ ಕೂಡಿ ಅರ್ಧ ನಿಮಿಷ ಬಾಳುತ್ತದೆ ಎಂದಮೇಲೆ ನಿಮಗೆ ಸಿಗುವುದು ಬಹುತೇಕ 16ನೆಯ ಸಂಖ್ಯೆಯೇ. ಆಗ ಕರೆ ಕಡಿದದ್ದು ಜಾಲವಲ್ಲ, ಆಚೆಯ ಸರ್ವರ್ ಅಥವಾ ನಿಮ್ಮದೇ ಕಂಪ್ಯೂಟರ್. ಇಬ್ಬರೂ ಒಂದೇ ಕೋಣೆಯಲ್ಲಿ ಕೂತು ಬೇರೆ ಬೇರೆ ಭಾಷೆಯಲ್ಲಿ ಮಾತಾಡಿ, ಸಮಯ ಮೀರಿ, ಎದ್ದುಹೋದ ಹಾಗೆ. ಬಿ ಚಾನೆಲಿನ ಒಳಗಿನ ವಿಧಾನಗಳು ಹಲವು. ವಿ.110 ಎನ್ನುವುದು ನಿಧಾನದ ಡೇಟಾವನ್ನು ಖಾಲಿ ಬಿಟ್‌ಗಳಿಂದ ತುಂಬಿ 64 ಕಿಲೋಬಿಟ್ಟಿಗೆ ಹಿಗ್ಗಿಸುತ್ತದೆ. ವಿ.120 ಅದನ್ನು ಫ್ರೇಮುಗಳಲ್ಲಿ ಕಟ್ಟಿ ಕಳಿಸುತ್ತದೆ. ಎಕ್ಸ್.75 ಜರ್ಮನಿಯಲ್ಲಿ ಹೆಚ್ಚು ಬಳಕೆಯಲ್ಲಿತ್ತು. ಆಕ್ಸೆಸ್ ಸರ್ವರುಗಳು ಹೆಚ್ಚಾಗಿ ನಿರೀಕ್ಷಿಸುವುದು ಸಿಂಕ್ರೊನಸ್ ಪಿಪಿಪಿಯನ್ನು (ಪಿಪಿಪಿ ಎಂದರೆ ಎರಡು ಯಂತ್ರಗಳ ನಡುವೆ ಜಾಲ ಸಂಪರ್ಕ ಕಟ್ಟುವ ನಿಯಮಾವಳಿ; ಸಿಂಕ್ರೊನಸ್ ಎಂದರೆ ಬಿಟ್‌ಗಳು ಒಂದೇ ಗಡಿಯಾರದ ತಾಳಕ್ಕೆ ಸತತ ಹರಿಯುವುದು, ಅಸಿಂಕ್ರೊನಸ್ ಎಂದರೆ ಒಂದೊಂದು ಬೈಟೂ ಬಿಡಿಬಿಡಿಯಾಗಿ ಹೋಗುವುದು), ಅಂದರೆ ಸೀರಿಯಲ್ ಪೋರ್ಟಿನಿಂದ ಬರುವ ಅಸಿಂಕ್ರೊನಸ್ ಪಿಪಿಪಿಯನ್ನು ಅಡಾಪ್ಟರು ಪರಿವರ್ತಿಸಿ ಕಳಿಸಬೇಕು. ಅಡಾಪ್ಟರ್ ಕಾರ್ಖಾನೆಯಿಂದ ಬರುವಾಗ ಇವುಗಳಲ್ಲಿ ಯಾವುದಕ್ಕೆ ಹೊಂದಿಸಿರುತ್ತಾರೆ ಎಂಬುದು ತಯಾರಕರಿಂದ ತಯಾರಕರಿಗೆ ಬೇರೆ. ‘ಕನೆಕ್ಟ್’ ಎಂಬ ಸಂದೇಶ ಕರೆ ಎತ್ತಿದ್ದಕ್ಕೆ ಬರುತ್ತದೆಯೇ ಹೊರತು ಭಾಷೆ ಹೊಂದಿದ್ದಕ್ಕಲ್ಲ. ವಿ.120 ಮತ್ತು ಎಕ್ಸ್.75 ಮಾತ್ರ ಆಚೆಯ ಉತ್ತರ ಬರುವವರೆಗೆ ಸಾಮಾನ್ಯವಾಗಿ ಕಾಯುತ್ತವೆ, ಸಿಂಕ್ರೊನಸ್ ಪಿಪಿಪಿ ಕಾಯುವುದಿಲ್ಲ.

ಇದನ್ನು ಕಣ್ಣಾರೆ ನೋಡುವ ಉಪಾಯ ಹೇಳುತ್ತೇನೆ. ಡಯಲಿಂಗ್ ತಂತ್ರಾಂಶವನ್ನು ಬದಿಗಿಟ್ಟು ಬರಿಯ ಟರ್ಮಿನಲ್ ಕಾರ್ಯಕ್ರಮವೊಂದನ್ನು ತೆರೆದು, ಕೈಯಿಂದಲೇ ಎಟಿಡಿ ಆದೇಶ ಕೊಟ್ಟು ಸರ್ವರಿನ ಸಂಖ್ಯೆಯನ್ನು ಡಯಲ್ ಮಾಡಿ. ‘ಕನೆಕ್ಟ್’ ಬಂದ ಮೇಲೆ ಏನನ್ನೂ ಒತ್ತದೆ ಕೆಲವು ಸೆಕೆಂಡು ಕಾಯಿರಿ. ಪರದೆಯ ಮೇಲೆ ~ ಚಿಹ್ನೆಯೂ } ಆವರಣವೂ ಅಲ್ಲಲ್ಲಿ # ಮತ್ತು ! ಗುರುತುಗಳೂ ಇರುವ ಕಸದಂಥ ಸಾಲು ಎರಡು ಮೂರು ಸೆಕೆಂಡಿಗೊಮ್ಮೆ ಬರುತ್ತಿದ್ದರೆ ಸಂತೋಷಪಡಿ: ಅದು ಸರ್ವರ್ ಕಳಿಸುತ್ತಿರುವ ಪಿಪಿಪಿ ಆಹ್ವಾನ, ಅಡಾಪ್ಟರಿನ ಪರಿವರ್ತನೆ ಸರಿಯಾಗಿದೆ, ಹಾಗಾಗಿ ತೊಂದರೆ ಹೆಸರು, ಪಾಸ್‌ವರ್ಡ್ ಅಥವಾ ಕಂಪ್ಯೂಟರಿನ ಪಿಪಿಪಿ ಹೊಂದಾಣಿಕೆಯಲ್ಲಿದೆ. ಲಾಗಿನ್ ಕೇಳುವ ಓದಬಲ್ಲ ಅಕ್ಷರಗಳು ಬಂದರೆ ಸರ್ವರ್ ನಿಮ್ಮನ್ನು ವಿ.110 ಅಥವಾ ವಿ.120 ಗಿರಾಕಿ ಎಂದು ತಿಳಿದಿದೆ. ಪರದೆ ಕಪ್ಪಾಗಿಯೇ ಉಳಿದರೆ ಎಂಟರ್ ಒಂದೆರಡು ಸಲ ಒತ್ತಿ ನೋಡಿ, ಏಕೆಂದರೆ ಕೆಲವು ಸರ್ವರುಗಳು ಮೊದಲ ಮಾತಿಗೆ ಕಾಯುತ್ತವೆ. ಆಗಲೂ ಏನೂ ಬರದಿದ್ದರೆ ವಿಧಾನ ಹೊಂದಿಲ್ಲ ಎಂದು ತೀರ್ಮಾನಿಸಿ, ಕೈಪಿಡಿ ನೋಡಿ ಒಂದೊಂದಾಗಿ ಬದಲಿಸುತ್ತ ಇದೇ ಪರೀಕ್ಷೆಯನ್ನು ಮರಳಿ ಮಾಡಿ. ನನ್ನ ಊಹೆಯ ಪ್ರಕಾರ ನಿಮ್ಮ ಅಡಾಪ್ಟರ್ ವಿ.110ಕ್ಕೆ ಹೊಂದಿಸಿದ್ದಾಗಿದ್ದು, ಅಪರೂಪಕ್ಕೆ ಸಂಪರ್ಕ ಉಳಿಯುವ ದಿನಗಳಲ್ಲಿ ನೀವು ಅಥವಾ ತಂತ್ರಾಂಶ ಬೇರೆ ಆರಂಭ ಸಾಲನ್ನು ಕಳಿಸಿರುತ್ತೀರಿ. ಆ ದಿನಗಳ ಲಾಗ್ ಇದ್ದರೆ ಹೋಲಿಸಿ ನೋಡಿ.

ಇದೇ ಲಕ್ಷಣಕ್ಕೆ ಇನ್ನೊಂದು ಕಾರಣ ಉತ್ತರ ಅಮೆರಿಕದ ಹಳೆಯ ಟ್ರಂಕ್‌ಗಳದ್ದು, ಅಂದರೆ ಎಕ್ಸ್‌ಚೇಂಜ್‌ಗಳ ನಡುವಿನ ಲೈನುಗಳದ್ದು. ಅಲ್ಲಿ ಸಂಕೇತಗಳಿಗಾಗಿ ಬಿಟ್ಟೊಂದನ್ನು ಆಗಾಗ ಕದಿಯುವ ಪದ್ಧತಿ ಇದ್ದುದರಿಂದ ಚಾನೆಲಿನಲ್ಲಿ ನಂಬಬಹುದಾದದ್ದು 56 ಕಿಲೋಬಿಟ್ ಮಾತ್ರ. 64 ಎಂದು ಕರೆ ಕೂಡಿದರೂ ಫ್ರೇಮುಗಳೆಲ್ಲ ಕೆಟ್ಟು ಬರುತ್ತವೆ. ಅಡಾಪ್ಟರನ್ನು 56ಕ್ಕೆ ಇಳಿಸಿದೊಡನೆ ಎಲ್ಲವೂ ನೆಟ್ಟಗಾದರೆ ಕಾರಣ ಇದೇ.

ದೊಡ್ಡ ಫೈಲು ನಡುವೆ ನಿಲ್ಲುವುದಕ್ಕೆ ನಾನು ಮೊದಲು ಸೀರಿಯಲ್ ಕೇಬಲನ್ನು ಅನುಮಾನಿಸುತ್ತೇನೆ. ಹಿಂದೊಮ್ಮೆ ಇಂಥದೇ ದೂರಿನ ಹಿಂದೆ ಬಿದ್ದು ಅರ್ಧ ದಿನ ಕಳೆದಿದ್ದೆ. ಅಡಾಪ್ಟರ್ ಬದಲಾಯಿಸಿದ್ದಾಯಿತು, ಎನ್‌ಟಿ ಬದಲಾಯಿಸಿದ್ದಾಯಿತು, ಚಿಕ್ಕ ಕಡತಗಳು ಬರುತ್ತವೆ, ದೊಡ್ಡವು ಪ್ರತಿ ಸಲ ಬೇರೆ ಬೇರೆ ಜಾಗದಲ್ಲಿ ಸಾಯುತ್ತವೆ. ಕೊನೆಗೆ ಕೇಬಲಿನ ಕನೆಕ್ಟರ್ ಬಿಚ್ಚಿದರೆ ಒಳಗೆ ಮೂರೇ ತಂತಿ: ಕಳಿಸುವುದು, ಪಡೆಯುವುದು, ಭೂಮಿ. ಹರಿವನ್ನು ತಡೆದು ಬಿಡುವ ಆರ್‌ಟಿಎಸ್ ಮತ್ತು ಸಿಟಿಎಸ್ ಪಿನ್‌ಗಳನ್ನು ಎರಡೂ ತುದಿಯಲ್ಲಿ ತಮ್ಮ ತಮ್ಮೊಳಗೇ ಬೆಸುಗೆ ಹಾಕಿಬಿಟ್ಟಿದ್ದರು. ಅಂದರೆ ‘ತಡೆ, ನನ್ನ ಬಫರ್ ತುಂಬಿದೆ’ ಎಂದು ಅಡಾಪ್ಟರ್ ಹೇಳುವ ಮಾತು ಕಂಪ್ಯೂಟರಿಗೆ ತಲುಪುವ ದಾರಿಯೇ ಇರಲಿಲ್ಲ. ನೀವು ಪೂರ್ಣ ತಂತಿಗಳ ಕೇಬಲ್ ಬಳಸಿ, ಹಾರ್ಡ್‌ವೇರ್ ಹರಿವು ನಿಯಂತ್ರಣವನ್ನು ಅಡಾಪ್ಟರಿನಲ್ಲೂ ಕಂಪ್ಯೂಟರಿನಲ್ಲೂ ಹಾಕಿ. ತಂತ್ರಾಂಶದ ನಿಯಂತ್ರಣ ಬೇಡ: ಅದು 17 ಮತ್ತು 19ನೆಯ ಅಕ್ಷರಗಳನ್ನು ಆದೇಶವೆಂದು ತಿಳಿಯುತ್ತದೆ, ಮತ್ತು ಯಾವುದೇ ಬೈನರಿ ಕಡತದಲ್ಲಿ ಅವು ಬಂದೇ ಬರುತ್ತವೆ.

ಪೋರ್ಟಿನ ವೇಗದ ಲೆಕ್ಕವೂ ಇಲ್ಲಿಯೇ ಬರುತ್ತದೆ. ಸೀರಿಯಲ್ ಪೋರ್ಟಿನಲ್ಲಿ ಒಂದು ಬೈಟಿಗೆ ಆರಂಭ ಮತ್ತು ಅಂತ್ಯದ ಬಿಟ್ ಸೇರಿ ಹತ್ತು ಬಿಟ್ ಖರ್ಚಾಗುತ್ತದೆ, ಬಿ ಚಾನೆಲಿನಲ್ಲಿ ಸಿಂಕ್ರೊನಸ್ ಆಗಿ ಎಂಟೇ. ಒಂದು ಬಿ ಚಾನೆಲ್ ಸೆಕೆಂಡಿಗೆ 8,000 ಬೈಟ್ ಹೊರುತ್ತದೆ. ಪೋರ್ಟನ್ನು 57,600ಕ್ಕೆ ಇಟ್ಟರೆ ಅದು 5,760 ಬೈಟ್ ಮಾತ್ರ ಕೊಡಬಲ್ಲದು, ಅಂದರೆ ಒಂದೇ ಚಾನೆಲಿಗೂ ಸಾಲದು. 115,200ಕ್ಕೆ ಇಟ್ಟರೆ 11,520 ಬೈಟ್. ಒಂದು ಚಾನೆಲಿಗೆ ಧಾರಾಳ, ಎರಡು ಚಾನೆಲ್‌ಗಳ 16,000ಕ್ಕೆ ಕಡಿಮೆ. ನಿಮಗೆ ಎರಡರ ವೇಗ ಸಿಗದಿರಲು ಇದು ಒಂದು ಸರಳ ಕಾರಣವಾಗಿರಬಹುದು: ಎರಡು ಚಾನೆಲ್‌ಗಳೂ ಕೂಡಿವೆ, ಪೋರ್ಟ್ ಕತ್ತು ಹಿಸುಕುತ್ತಿದೆ. 230,400 ವೇಗದ ಪೋರ್ಟ್ ಬೇಕು, ಮತ್ತು ಅಡಾಪ್ಟರ್ ಅದನ್ನು ಒಪ್ಪಬೇಕು. ಕಂಪ್ಯೂಟರ್ ತುಂಬ ಹಳೆಯದಾದರೆ ಸೀರಿಯಲ್ ಪೋರ್ಟನ್ನು ನಡೆಸುವ ಯುಎಆರ್‌ಟಿ ಚಿಪ್ ಯಾವುದು ಎಂದೂ ನೋಡಿ. 16550ಎ ಚಿಪ್ಪಿನಲ್ಲಿ 16 ಬೈಟ್ ಬಫರ್ ಇದೆ. 115,200ರ ವೇಗದಲ್ಲಿ ಅದು ತುಂಬಲು ಸುಮಾರು 1.4 ಮಿಲಿಸೆಕೆಂಡ್ ಸಾಕು. ಅದಕ್ಕಿಂತ ಹಿಂದಿನ 8250, 16450 ಚಿಪ್‌ಗಳಲ್ಲಿ ಇಂಥ ಬಫರ್ ಇಲ್ಲ, ಅವು ಈ ಕೆಲಸಕ್ಕೆ ಬಾರವು.

ಎರಡನೆಯ ಚಾನೆಲ್ ಕೂಡುವುದೇ ಇಲ್ಲ ಎಂದಾದರೆ ಕತೆ ಬೇರೆ. ಎರಡು ಚಾನೆಲ್‌ಗಳನ್ನು ಒಂದಾಗಿ ಹೊಸೆಯುವ ಮಲ್ಟಿಲಿಂಕ್ ಪಿಪಿಪಿ 1994ರಲ್ಲಿ ಆರ್‌ಎಫ್‌ಸಿ 1717 ಆಗಿ ಬಂದು 1996ರಲ್ಲಿ ಆರ್‌ಎಫ್‌ಸಿ 1990 ಆಗಿ ಪರಿಷ್ಕೃತವಾಯಿತು. ಬಾಹ್ಯ ಅಡಾಪ್ಟರಿನಲ್ಲಿ ಈ ಹೊಸೆಯುವ ಕೆಲಸ ಅಡಾಪ್ಟರಿನದೇ. ಕಂಪ್ಯೂಟರಿಗೆ ಒಂದೇ ಸಂಪರ್ಕ ಕಾಣುತ್ತದೆ. ಹಾಗಾಗಿ ಎರಡನೆಯ ಕರೆಗೆ ಸರ್ವರ್ ಗುರುತು ಕೇಳಿದಾಗ ಉತ್ತರಿಸಬೇಕಾದದ್ದು ಅಡಾಪ್ಟರು. ಪಿಎಪಿ ಪದ್ಧತಿಯಲ್ಲಿ ಪಾಸ್‌ವರ್ಡ್ ಇದ್ದ ಹಾಗೇ ಹಾದುಹೋಗುವುದರಿಂದ ಮೊದಲ ಕರೆಯ ಹೊತ್ತಿಗೇ ಅಡಾಪ್ಟರ್ ಅದನ್ನು ನೋಡಿಟ್ಟುಕೊಂಡು ಮರಳಿ ಹೇಳಬಲ್ಲದು. ಸಿಎಚ್‌ಎಪಿ ಪದ್ಧತಿಯಲ್ಲಿ ಪಾಸ್‌ವರ್ಡ್ ತಂತಿಯ ಮೇಲೆ ಬರುವುದೇ ಇಲ್ಲ, ಪ್ರತಿ ಸಲ ಹೊಸ ಸವಾಲಿಗೆ ಹೊಸ ಉತ್ತರ ಲೆಕ್ಕ ಹಾಕಬೇಕು; ಪಾಸ್‌ವರ್ಡನ್ನು ಅಡಾಪ್ಟರಿನೊಳಗೆ ಬರೆದಿಡುವ ಸೌಲಭ್ಯ ಇಲ್ಲದಿದ್ದರೆ ಅದು ಬಾಯಿ ಮುಚ್ಚಿ ನಿಲ್ಲುತ್ತದೆ. ಮೊದಲ ಚಾನೆಲ್ ಸರಿ, ಎರಡನೆಯದು ಕೂಡಿ ಕೂಡಲೇ ಕಡಿಯುತ್ತದೆ ಎಂಬ ಲಕ್ಷಣಕ್ಕೆ ನಾನು ಕಂಡ ಅತಿ ಸಾಮಾನ್ಯ ಕಾರಣ ಇದು. ಆಚೆಯ ಕಚೇರಿಯಲ್ಲಿ ಒಂದಕ್ಕಿಂತ ಹೆಚ್ಚು ಆಕ್ಸೆಸ್ ಸರ್ವರ್‌ಗಳಿದ್ದು ಒಂದೇ ಸಂಖ್ಯೆಯ ಹಿಂದೆ ಸರದಿಯಲ್ಲಿ ನಿಂತಿದ್ದರೆ ಎರಡನೆಯ ಕರೆ ಬೇರೆ ಪೆಟ್ಟಿಗೆಗೆ ಬಿದ್ದು ಜೋಡಿಯಾಗದೆ ಉಳಿಯುವುದೂ ಉಂಟು. ಅದನ್ನು ಅವರೇ ನೋಡಬೇಕು. ಇನ್ನು ಸಾಮಾನ್ಯ ಫೋನಿನಲ್ಲಿ ಮಾತಾಡುತ್ತಿರುವಾಗ ವೇಗ ಅರ್ಧವಾದರೆ ಅದು ದೋಷವಲ್ಲ, ಧ್ವನಿಗೆ ಒಂದು ಬಿ ಚಾನೆಲನ್ನು ಬಿಟ್ಟುಕೊಟ್ಟಿದ್ದಾರೆ, ಅಷ್ಟೆ.

ಕಡಿದುಹೋಗದ ಕರೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ, ಏಕೆಂದರೆ ಅದರ ಬೆಲೆ ಬಿಲ್ಲಿನಲ್ಲಿ ತಿಳಿಯುತ್ತದೆ. ತಾನು ಸಿದ್ಧ ಎಂದು ಕಂಪ್ಯೂಟರ್ ತಿಳಿಸುವ ಡಿಟಿಆರ್ ತಂತಿಯ ಸಂಕೇತವನ್ನು ಅದು ಇಳಿಸಿದಾಗ ಕರೆ ಮುಗಿಸುವಂತೆ ಅಡಾಪ್ಟರನ್ನು ಹೊಂದಿಸಿರಬೇಕು. ಆ ತಂತಿ ಕೇಬಲಿನಲ್ಲಿ ಇಲ್ಲದಿದ್ದರೆ ನೀವು ಕಿಟಕಿ ಮುಚ್ಚಿ ಮನೆಗೆ ಹೋದ ಮೇಲೂ ಬಿ ಚಾನೆಲ್ ರಾತ್ರಿಯಿಡೀ ತೆರೆದೇ ಇರುತ್ತದೆ.

ಇಷ್ಟೆಲ್ಲ ಆದ ಮೇಲೂ ಅಡಾಪ್ಟರಿನ ಮೇಲೆ ಅನುಮಾನ ಉಳಿದರೆ ಅದನ್ನು ಅದರ ಜೊತೆಗೇ ಮಾತಾಡಿಸಿ. ಬೇಸಿಕ್ ರೇಟ್ ಲೈನಿನಲ್ಲಿ ಎರಡು ಬಿ ಚಾನೆಲ್‌ಗಳಿರುವುದರಿಂದ ಒಂದರಿಂದ ನಿಮ್ಮದೇ ಸಂಖ್ಯೆಗೆ ಡೇಟಾ ಕರೆ ಮಾಡಿ ಇನ್ನೊಂದರಲ್ಲಿ ಉತ್ತರಿಸುವ ಸ್ವಯಂ ಪರೀಕ್ಷೆಯನ್ನು ಹಲವು ಅಡಾಪ್ಟರುಗಳು ಬೆಂಬಲಿಸುತ್ತವೆ. ಕರೆಯ ಶುಲ್ಕ ಬೀಳಬಹುದು, ಆದರೆ ಒಂದೇ ಏಟಿಗೆ ತಂತಿ, ಡಿ ಚಾನೆಲ್, ಡೇಟಾ ಸೇವೆ ಮತ್ತು ಎರಡೂ ಬಿ ಚಾನೆಲ್ ಪರೀಕ್ಷೆಗೆ ಒಳಪಡುತ್ತವೆ. ಅದು ಗೆದ್ದರೆ ಲೈನೂ ಅಡಾಪ್ಟರೂ ನಿರ್ದೋಷಿ. ಪರೀಕ್ಷೆಗೆ ಮುನ್ನ ಈಗಿರುವ ಹೊಂದಾಣಿಕೆಗಳನ್ನೆಲ್ಲ ಪರದೆಯಿಂದ ನಕಲು ಮಾಡಿಟ್ಟುಕೊಂಡು ಕಾರ್ಖಾನೆಯ ಸ್ಥಿತಿಗೆ ಮರಳಿಸುವುದು ಒಳ್ಳೆಯದು. ಪರೀಕ್ಷೆ ಸೋತರೆ ಅಡಾಪ್ಟರಿಗೆ ತೀರ್ಪು ಕೊಡುವ ಮುನ್ನ ಪವರ್ ಅಡಾಪ್ಟರಿನ ಮೇಲಿನ ಬರಹ ಓದಿ. ಈ ಸಾಧನಗಳಲ್ಲಿ ಕೆಲವಕ್ಕೆ ಎಸಿ ಬೇಕು, ಕೆಲವಕ್ಕೆ ಡಿಸಿ, ಪಿನ್ನು ಮಾತ್ರ ಒಂದೇ ಅಳತೆ. ಬಳಸಿದ ಸಾಧನದೊಂದಿಗೆ ಕೈಗೆ ಸಿಕ್ಕ ಯಾವುದೋ ಪವರ್ ಅಡಾಪ್ಟರನ್ನು ಕಟ್ಟಿಕೊಡುವುದು ಅಪರೂಪವಲ್ಲ. ವೋಲ್ಟೇಜ್ ಸರಿಯಿದ್ದು ಕರೆಂಟಿನ ಅಳತೆ ಕಡಿಮೆಯಾದರೆ ಅಡಾಪ್ಟರ್ ಸುಮ್ಮನಿದ್ದಾಗ ಚೆನ್ನಾಗಿದ್ದು, ಎರಡು ಚಾನೆಲ್ ಕೂಡಿದಾಗಲೋ ಫೋನ್ ಗಂಟೆ ಬಾರಿಸುವಾಗಲೋ ಮರಳಿ ಮೊದಲಿನಿಂದ ಏಳುತ್ತದೆ.

ಸರಿಯಾದ ಪವರ್ ಅಡಾಪ್ಟರ್ ಕೊಟ್ಟ ಮೇಲೂ ಸ್ವಯಂ ಕರೆ ಸೋತರೆ, ಬೇರೆಯವರ ಚಾಲ್ತಿ ಲೈನಿನಲ್ಲೂ ಸೋತರೆ, ಆಗ ಇನ್ನೊಂದನ್ನು ಹುಡುಕಿ. ಕೊಳ್ಳುವಾಗ ಸಾಕೆಟ್ ಯು ಜಾತಿಯದೋ ಎಸ್/ಟಿ ಜಾತಿಯದೋ, ನಿಮ್ಮ ಎಕ್ಸ್‌ಚೇಂಜಿನ ಭಾಷೆ ಅದರಲ್ಲಿದೆಯೋ, ಪೋರ್ಟ್ 230,400 ಮುಟ್ಟುತ್ತದೆಯೋ ಎಂದು ಕೇಳಿ, ಕೈಪಿಡಿಯ ಪ್ರತಿಯಿಲ್ಲದೆ ಹಣ ಕೊಡಬೇಡಿ.